ಸೊಂಟವೇನು ಗಾಜಿನದೇ?

ಗಿರಿನಗರದ ಸೀತಾ ಸರ್ಕಲ್ಲಿನ ಸುತ್ತಮುತ್ತ, ಆಚೆ ಹೊಸಕೆರೆಹಳ್ಳಿ, ಈಚೆ ಕತ್ರಿಗುಪ್ಪೆವರೆಗೆ ಜಿಮ್ಮುಗಳ ನಕ್ಷೆ ಬಹುಮಟ್ಟಿಗೆ ಒಂದೇ. ಕೆಳಗೆ ಬೇಕರಿಯೋ ಔಷಧಿ ಅಂಗಡಿಯೋ, ಮೇಲಿನ ಮಹಡಿಯಲ್ಲಿ ಕನ್ನಡಿ, ಎಸಿ, ಟ್ರೆಡ್‌ಮಿಲ್ಲುಗಳ ಸಾಲು. ಮೂಲೆಯಲ್ಲಿ ಒಂದು ಬಾರು, ನಾಲ್ಕಾರು ಪ್ಲೇಟು. ಆ ಬಾರನ್ನು ನೆಲದಿಂದ ಎತ್ತಲು ಹೊಸಬನೊಬ್ಬ ಬಗ್ಗಿದನೋ, ಪಾಠಕ್ಕೂ ಮೊದಲು ಶಾಪ ಸಿಗುತ್ತದೆ: "ಡೆಡ್‌ಲಿಫ್ಟ್ ಬೇಡ ಸಾರ್, ಸೊಂಟ ಹೋಗುತ್ತೆ." ಹೇಳುವವನು ಇಪ್ಪತ್ತೆರಡರ ಟ್ರೇನರ್. ಸಂಜೆ ಪಾರ್ಕಿನ ಬೆಂಚಿನ ಮೇಲೆ ಇದೇ ಮಾತನ್ನು ನಿವೃತ್ತ ಎಂಜಿನಿಯರ್ ಹೇಳುತ್ತಾರೆ. ಕ್ಲಿನಿಕ್ಕಿನಲ್ಲಿ ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದವರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಮನೆಯಲ್ಲಿ ಅಜ್ಜಿ ಹೇಳುತ್ತಾರೆ. ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕು ಎಂಬುದರಲ್ಲೇ ಒಮ್ಮತವಿಲ್ಲದ ದಕ್ಷಿಣ ಬೆಂಗಳೂರು ಈ ಒಂದು ವಿಷಯದಲ್ಲಿ ಮಾತ್ರ ಒಂದಾಗಿ ನಿಂತಿದೆ. ಇಷ್ಟು ಸುಖವಾಗಿ ಒಪ್ಪಿಕೊಂಡ ಮಾತನ್ನು ಯಾರಾದರೂ ಒಮ್ಮೆ ಉಗುರಿನಿಂದ ಕೆರೆದು ನೋಡಿದ್ದಾರೆಯೇ?

ಕೆರೆದು ನೋಡಿದವರು ಸ್ವೀಡನ್ನಿನಲ್ಲಿದ್ದಾರೆ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸೊಂಟನೋವಿನಿಂದ ನರಳುತ್ತಿದ್ದ 70 ಮಂದಿ ಇದ್ದರು. ಒಂದು ಗುಂಪಿಗೆ ಹಗುರವಾದ, ಎಚ್ಚರದ ವ್ಯಾಯಾಮ. ಇನ್ನೊಂದು ಗುಂಪಿಗೆ ಚಿಕಿತ್ಸೆಯಾಗಿ ಕೊಟ್ಟದ್ದೇ ಡೆಡ್‌ಲಿಫ್ಟ್. ನೋವು ಎರಡೂ ಗುಂಪಿನಲ್ಲಿ ಇಳಿಯಿತು, ಇಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದಿನನಿತ್ಯದ ಚಟುವಟಿಕೆಯ ಅಂಕಗಳಲ್ಲಿ ಹಗುರ ವ್ಯಾಯಾಮದವರು ಮುಂದಿದ್ದರು, ಅದನ್ನೂ ಹೇಳಿಬಿಡೋಣ. ಆದರೆ ಆಗಲೇ ಕೆಟ್ಟಿದ್ದ ಸೊಂಟಗಳೇ ಡೆಡ್‌ಲಿಫ್ಟಿನಿಂದ ಸುಧಾರಿಸಿದವು ಎಂದಮೇಲೆ, ಗಟ್ಟಿಮುಟ್ಟಾದ ಸೊಂಟ "ಹೋಗುತ್ತೆ" ಎನ್ನುವುದು ಯಾವ ಶಾಸ್ತ್ರ? ಬೆನ್ನು ಬಾಗಿಸಿ ಎತ್ತುವುದಕ್ಕೂ ಸೊಂಟನೋವಿಗೂ ನಂಟಿದೆಯೇ ಎಂಬ ಒಂದೇ ಪ್ರಶ್ನೆ ಹಿಡಿದು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದ ವಿಮರ್ಶೆ 2020ರಲ್ಲಿ ಬಂತು. ಅಂಥ ನಂಟಿಗೆ ನಂಬುವಂಥ ಆಧಾರ ಅದಕ್ಕೆ ಸಿಗಲಿಲ್ಲ. ಇನ್ನು ಗಾಯದ ಲೆಕ್ಕ. ಹೊರಲಾಗದ ಭಾರವನ್ನೇ ಕಸುಬು ಮಾಡಿಕೊಂಡ ಪವರ್‌ಲಿಫ್ಟಿಂಗ್ ಸ್ಪರ್ಧಾಳುಗಳಲ್ಲೂ 1000 ಗಂಟೆ ಅಭ್ಯಾಸಕ್ಕೆ ಗಾಯಗಳು 1ರಿಂದ 4.4 ಎಂದು 2017ರ ವಿಮರ್ಶೆಯೊಂದು ಹೇಳುತ್ತದೆ. ಭಾನುವಾರ ಬೆಳಿಗ್ಗೆ ಟರ್ಫಿನಲ್ಲಿ ಫುಟ್‌ಬಾಲ್ ಆಡಿ ಮಂಡಿ ತಿರುಚಿಕೊಂಡು ಬರುವವರಿಗೆ "ಚೆಂಡು ಮುಟ್ಟಬೇಡ" ಎಂದು ಯಾರಾದರೂ ಶಾಪ ಹಾಕಿದ್ದುಂಟೇ?

ಎಂಆರ್‌ಐ ಬಂದಮೇಲಂತೂ ಈ ಹೆದರಿಕೆಗೆ ಅಧಿಕೃತ ಮೊಹರು ಬಿದ್ದಿದೆ. "ಎಲ್4-ಎಲ್5 ಬಲ್ಜ್ ಇದೆ, ಇನ್ನು ಮೇಲೆ ಬಗ್ಗಬೇಡಿ, ಎರಡು ಕೆಜಿ ಮೇಲೆ ಎತ್ತಬೇಡಿ." ಎಷ್ಟು ದಿನ ಎತ್ತಬಾರದು? ಅದನ್ನು ಯಾರೂ ಬರೆದುಕೊಡುವುದಿಲ್ಲ, ಆಜೀವ ಶಿಕ್ಷೆ. ಸೊಂಟನೋವೇ ಇಲ್ಲದ 3110 ಜನರ ಸ್ಕ್ಯಾನುಗಳನ್ನು ಒಟ್ಟುಹಾಕಿದ ಅಧ್ಯಯನ 2015ರಲ್ಲಿ ಬಂದಿತ್ತು. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರವರಲ್ಲಿ 84 ಮಂದಿಗೆ. ಯಾರಿಗೂ ನೋವಿಲ್ಲ! ತಲೆಗೂದಲು ನರೆತಷ್ಟೇ ಸಹಜವಾದದ್ದನ್ನು ಫಿಲ್ಮಿನಲ್ಲಿ ತೋರಿಸಿ, ಮೂವತ್ತೈದರ ಗಂಡಸನ್ನು ಮುದುಕನನ್ನಾಗಿಸಿ ಮನೆಗೆ ಕಳಿಸುವುದು ಚಿಕಿತ್ಸೆಯೇ? ಕಾಲು ಮರಗಟ್ಟಿ ಮೂತ್ರದ ಹಿಡಿತ ತಪ್ಪಿದವರು ಇದ್ದಾರೆ. ಅವರು ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅವರ ಹೆಸರು ಹೇಳಿ ಊರಿಗೆಲ್ಲ ನಿಷೇಧ ಹೇರುವುದು ಯಾವ ನ್ಯಾಯ?

ಜಿಮ್ಮಿನವರ ಸೊಂಟಪ್ರೀತಿಯ ಒಳಗುಟ್ಟು ಬೇರೆಯೇ ಇದೆ. ಬಾರಿನ ಕೆಳಗಿನ ರಬ್ಬರ್ ಹಾಸನ್ನು ಬೆರಳಲ್ಲಿ ಒತ್ತಿ ನೋಡಿ: ಬಾಗಿಲ ಬಳಿ ಕಾಲೊರೆಸುವ ಮ್ಯಾಟಿನ ದಪ್ಪ. ಅದರಡಿ ವಿಟ್ರಿಫೈಡ್ ಟೈಲು, ಅದರಡಿ ಬೇಕರಿಯವನ ಚಾವಣಿ. ಗೋಡೆಯ ಮೇಲೆ ಬೋರ್ಡು: ಪ್ಲೇಟ್ ಸದ್ದು ಮಾಡಬಾರದು, ಚಾಕ್‌ಪುಡಿ ಹಚ್ಚಬಾರದು, ಬರಿಗಾಲಲ್ಲಿ ನಿಲ್ಲಬಾರದು. ಎತ್ತಿದ್ದನ್ನು ನೆಲಕ್ಕಿಳಿಸುವ ಏರ್ಪಾಟಿಲ್ಲ, ಬೆವರಿದ ಕೈಗೆ ಹಿಡಿತವಿಲ್ಲ, ಕಾಲಡಿ ಸ್ಪಂಜಿನಂಥ ಓಟದ ಶೂ. ಇಷ್ಟನ್ನೂ ಹೇರಿದ ಮೇಲೆ ಒಬ್ಬನ ಬೆನ್ನು ಹಿಡಿದುಕೊಂಡರೆ "ನೋಡಿದ್ರಾ, ಹೇಳಿರಲಿಲ್ವಾ?" ಎಂಬ ಗೆಲುವಿನ ನಗೆ ಬೇರೆ. ಟೈಲು ಒಡೆದರೆ ಮಾಲೀಕನಿಗೆ ಖರ್ಚು; ಅದನ್ನು ನೇರವಾಗಿ ಹೇಳಲು ನಾಚಿಕೆ; ಹಾಗಾಗಿ ನಿಮ್ಮ ಸೊಂಟದ ಮೇಲೆ ದಿಢೀರ್ ಕಾಳಜಿ. ಮೆಷಿನ್ನು ಸದ್ದು ಮಾಡುವುದಿಲ್ಲ. ಮೆಷಿನ್ನಿಗೆ ಕಲಿಸುವವನೂ ಬೇಕಿಲ್ಲ. ಮೂರು ತಿಂಗಳಲ್ಲಿ ಬೇಜಾರಾಗಿ ನೀವು ಬಿಟ್ಟರೂ ವರ್ಷದ ಫೀಸು ಆಗಲೇ ಜಮಾ ಆಗಿರುತ್ತದೆ. ಈ ವ್ಯಾಪಾರದಲ್ಲಿ ಹೆದರಿಕೆಯೇ ಬಂಡವಾಳ.

ಈ ಹೆದರಿಕೆಯನ್ನು ಹೆಚ್ಚು ಹೊತ್ತವರು ಹೆಂಗಸರು. ಬನಶಂಕರಿಯ ಜಿಮ್ಮಿಗೆ ಬಂದ ಐವತ್ತರ ಗೃಹಿಣಿಯ ಕೈಗೆ ಗುಲಾಬಿ ಬಣ್ಣದ ಎರಡು ಕಿಲೋ ಡಂಬೆಲ್ಲು ಕೊಡುತ್ತಾರೆ. ಭಾರ ಎತ್ತಿದರೆ "ಗರ್ಭಕೋಶ ಜಾರುತ್ತೆ" ಎಂದು ಪಕ್ಕದವರು ಪಿಸುಗುಡುತ್ತಾರೆ. ಅದೇ ಹೆಂಗಸು ಬೆಳಿಗ್ಗೆ ಅಡುಗೆಮನೆಯಲ್ಲಿ ಎಳೆದಾಡಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಉಕ್ಕಿನ ತೂಕ ಸೇರಿದರೆ ಮೂವತ್ತರ ಹತ್ತಿರ. ಕುಡಿಯುವ ನೀರಿನ ಕ್ಯಾನು 20 ಲೀಟರು, ಅದನ್ನು ಎತ್ತಿ ತಲೆಕೆಳಗು ಮಾಡಿ ಡಿಸ್ಪೆನ್ಸರ್ ಮೇಲೆ ಕೂರಿಸಬೇಕು. 2022ರ ಜುಲೈನಲ್ಲಿ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಿದ್ದಾಗ ಗಿರಣಿಯವರು ಒಂದು ಕಿಲೋ ಹೆಚ್ಚಿಸಿ 26ರ ಚೀಲ ತಂದರು. ತೆರಿಗೆ ಉಳಿಯಿತು, ಆ ಇನ್ನೊಂದು ಕಿಲೋ ಯಾರ ಸೊಂಟದ ಮೇಲೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಮನೆಯಲ್ಲಿ ಮೂವತ್ತು ಎತ್ತುವವಳಿಗೆ ಜಿಮ್ಮಿನಲ್ಲಿ ಎರಡು! ಕಲಿಸದೆ ಎತ್ತಿಸಿದ ಮೂವತ್ತು ಅಪಾಯವಲ್ಲ, ಕಲಿಸಿ ಎತ್ತಿಸುವ ನಲವತ್ತು ಅಪಾಯ. ಇದಕ್ಕಿಂತ ದೊಡ್ಡ ತಲೆಕೆಳಗು ತರ್ಕ ಇನ್ನೆಲ್ಲಿದೆ?

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆ ಸವೆಯುತ್ತಿದ್ದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಸರಾಸರಿ ವಯಸ್ಸು 65. ಒಂದು ಗುಂಪಿಗೆ ಮನೆಯಲ್ಲೇ ಮಾಡುವ ಹಗುರ ವ್ಯಾಯಾಮ. ಇನ್ನೊಂದಕ್ಕೆ ವಾರಕ್ಕೆರಡು ದಿನ ಅರ್ಧರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್, ತಲೆಮೇಲಕ್ಕೆ ಬಾರು ಒತ್ತುವುದು, ಜೊತೆಗೆ ಜಿಗಿತ; ಅದೂ ತಮ್ಮ ಗರಿಷ್ಠ ಸಾಮರ್ಥ್ಯದ ನೂರಕ್ಕೆ 85ಕ್ಕಿಂತ ಹೆಚ್ಚಿನ ಭಾರ, ಐದೈದು ಸಲದ ಐದು ಸುತ್ತು. ಎಂಟು ತಿಂಗಳಾದ ಮೇಲೆ ಭಾರ ಎತ್ತಿದವರ ಸೊಂಟಭಾಗದ ಬೆನ್ನೆಲುಬಿನ ಮೂಳೆಯ ಸಾಂದ್ರತೆ ಶೇ. 2.9 ಏರಿತ್ತು, ಹಗುರ ಗುಂಪಿನದು ಶೇ. 1.2 ಇಳಿದಿತ್ತು. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ಮಾಡಿಸಿದ್ದು ನಿಜ. ನಾವು ಕೇಳುತ್ತಿರುವುದೂ ಆ ಮೇಲ್ವಿಚಾರಣೆಯನ್ನೇ ಅಲ್ಲವೇ? ಫೀಸು ಕಟ್ಟುವುದು ಮತ್ತೆ ಯಾತಕ್ಕೆ, ಕನ್ನಡಿ ನೋಡಿಕೊಳ್ಳಲಿಕ್ಕೇ?

ಎತ್ತಬೇಡಿ ಎನ್ನುವವರ ಕಥೆ ಇದಾಯಿತು. ಎತ್ತಿಸುವವರ ಅಜ್ಞಾನ ಇದಕ್ಕಿಂತ ಒಂದು ಕೈ ಮೇಲು. ಅವರ ಫೋನಿನಲ್ಲಿ ಒಂದು ಚಿತ್ರವಿರುತ್ತದೆ: ಸೊಂಟ ಕೆಳಗೆ, ಎದೆ ಮೇಲೆ, ಬೆನ್ನು ಹಲಗೆ. ಐದಡಿಯ ಹುಡುಗಿಗೂ ಆರಡಿಯ ಹುಡುಗನಿಗೂ ಅದೇ ಚಿತ್ರ. ಅದಕ್ಕೆ ಹೊಂದದ ಮೈಯೆಲ್ಲ ತಪ್ಪು ಮೈ. "ನಿಮ್ಮ ಬಾಡಿ ಇದಕ್ಕೆ ಸೂಟ್ ಆಗಲ್ಲ" ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಗಾಂಧಿ ಬಜಾರಿನ ದರ್ಜಿ ಒಂದು ಶರ್ಟು ಹೊಲಿಯಲು ತೋಳು, ಭುಜ, ಎದೆ ಮೂರನ್ನೂ ಅಳೆಯುತ್ತಾನೆ. ನೂರು ಕಿಲೋ ಎತ್ತಿಸುವವನ ಕೈಯಲ್ಲಿ ಒಂದು ಟೇಪು ಬೇಡವೇ?

ಟೇಪು ಹಿಡಿದರೆ ಏನು ಕಾಣುತ್ತದೆ? ಇಬ್ಬರನ್ನು ನಿಲ್ಲಿಸಿ, ಇಬ್ಬರ ಎತ್ತರವೂ 165 ಸೆಂಟಿಮೀಟರ್. ತೋಳು ಚಾಚಿದಾಗ ಬೆರಳತುದಿಯಿಂದ ಬೆರಳತುದಿಗೆ ಒಬ್ಬನಿಗೆ 175, ಇನ್ನೊಬ್ಬನಿಗೆ 160. ಭುಜದ ಅಗಲ ಒಂದೇ ಎಂದುಕೊಂಡರೆ ಮೊದಲನೆಯವನ ಒಂದೊಂದು ತೋಳೂ ಏಳು ಸೆಂಟಿಮೀಟರಿಗಿಂತ ಉದ್ದ. ನೆಟ್ಟಗೆ ನಿಂತಾಗ ಬಾರು ಅವನ ತೊಡೆಯ ಮೇಲೆ ಅಷ್ಟು ಕೆಳಗೇ ನಿಲ್ಲುತ್ತದೆ. ಒಟ್ಟು ಅರ್ಧ ಮೀಟರಿನ ಆಸುಪಾಸಿನ ದಾರಿಯಲ್ಲಿ ಏಳನೇ ಒಂದು ಭಾಗ ಅವನಿಗೆ ಮಾಫಿ! ನೆಲದ ಹತ್ತಿರವೂ ಅವನು ಅಷ್ಟು ಬಗ್ಗಬೇಕಿಲ್ಲ. ಗಿಡ್ಡತೋಳಿನವನು ಅವನನ್ನು ನೋಡಿ ಅನುಕರಿಸಿದರೆ ಬೆನ್ನು ಬಾಗದೆ ಇನ್ನೇನಾದೀತು? ತೊಡೆಮೂಳೆಯ ಕಥೆಯೂ ಹೀಗೇ. ಉದ್ದ ತೊಡೆಯವರ ಸೊಂಟ ಹಿಂದಕ್ಕೆ ಹೋಗಲೇಬೇಕು, ಮೈ ನೆಲಕ್ಕೆ ಹೆಚ್ಚು ಸಮಾನಾಂತರವಾಗಲೇಬೇಕು. ಬಾರು ಪಾದದ ನಡುವಿನ ಮೇಲೆ, ಭುಜದ ಹಲಗೆ ಬಾರಿನ ಮೇಲೆ, ತೋಳು ಸಡಿಲವಾಗಿ ನೇರ: ಈ ಮೂರನ್ನು ಸರಿಪಡಿಸಿದರೆ ಸೊಂಟದ ಎತ್ತರವನ್ನು ಮೂಳೆಯ ಉದ್ದವೇ ತೀರ್ಮಾನಿಸುತ್ತದೆ. "ಇನ್ನೂ ಕೆಳಗೆ ಕೂತ್ಕೊಳಿ" ಎಂದು ಟ್ರೇನರ್ ಸೊಂಟ ಒತ್ತಿದಾಗ ಮಂಡಿ ಬಾರನ್ನು ಮುಂದಕ್ಕೆ ತಳ್ಳುತ್ತದೆ, ಭಾರ ಮೈಯಿಂದ ದೂರ ಸರಿಯುತ್ತದೆ, ಅವರು ಹೆದರಿಸಿದ ಆ ನೋವು ಅವರ ಕೈಯಿಂದಲೇ ಬರುತ್ತದೆ.

ಇನ್ನೊಂದು ಅನ್ಯಾಯ ಎಲ್ಲರ ಕಣ್ಣೆದುರಿಗೇ ಇದೆ, ನೋಡುವವರಿಲ್ಲ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಬಾರು ನೆಲದಿಂದ ಇಪ್ಪತ್ತೆರಡೂವರೆ ಎತ್ತರದಲ್ಲಿರುತ್ತದೆ. ನಮ್ಮ ಏರಿಯಾದ ಜಿಮ್ಮುಗಳಲ್ಲಿ ಸಾಮಾನ್ಯವಾಗಿ ಸಿಗುವ ಹತ್ತು ಕಿಲೋ ಪ್ಲೇಟು ಅದಕ್ಕಿಂತ ಎಷ್ಟೋ ಚಿಕ್ಕದು. ಪರಿಣಾಮ? ನೂರು ಎತ್ತುವ ಹಳಬ ಮೇಲಿಂದ ಶುರು ಮಾಡುತ್ತಾನೆ. ಮೊದಲ ದಿನ ನಲವತ್ತು ಎತ್ತಲು ಬಂದ ಹೊಸಬ ಇನ್ನೂ ಆಳಕ್ಕೆ ಬಗ್ಗಬೇಕು. ಬಲ್ಲವನಿಗೆ ಸುಲಭದ ಎತ್ತರ, ಬಾರದವನಿಗೆ ಕಷ್ಟದ ತಗ್ಗು! ಬಾರಿನ ಎರಡೂ ತುದಿಗೆ ಮರದ ದಿಮ್ಮಿಯೋ ಎರಡೆರಡು ಪ್ಲೇಟೋ ಇಟ್ಟರೆ ಐದು ನಿಮಿಷದಲ್ಲಿ ಸರಿಹೋಗುವ ವಿಷಯ. ಮಾಡಿದವರನ್ನು ತೋರಿಸಿ.

ಕಾಲು ಅಗಲಿಸಿ, ತೊಡೆಗಳ ನಡುವೆ ಕೈ ಇಳಿಸಿ ಎತ್ತುವ ಸುಮೋ ಶೈಲಿಯ ವಿಷಯ ಬಂದರೆ ಮತ್ತೊಂದು ಜಾತಿಪದ್ಧತಿ ಹೆಡೆಯೆತ್ತುತ್ತದೆ. ರಿಂಗ್ ರಸ್ತೆಯ ಕಾಲೇಜು ಹುಡುಗರ ಪಾಲಿಗೆ ಅದು "ಚೀಟಿಂಗ್". ಉದ್ದ ಮುಂಡ, ಗಿಡ್ಡ ತೋಳು ಇರುವ ಎಷ್ಟೋ ಜನರಿಗೆ ಮೈ ನೆಟ್ಟಗಿಟ್ಟುಕೊಂಡು ಎತ್ತಲು ಒದಗುವ ಭಂಗಿಯೇ ಅದು; ಪವರ್‌ಲಿಫ್ಟಿಂಗ್ ನಿಯಮ ಎರಡನ್ನೂ ಒಪ್ಪುತ್ತದೆ. ಪ್ರಪಂಚದ ಪಂಚರು ಒಪ್ಪಿದ್ದನ್ನು ಗಿರಿನಗರದ ಮಡಿವಂತರು ಒಪ್ಪುವುದಿಲ್ಲ! "ಪರ್ಫೆಕ್ಟ್ ಫಾರ್ಮ್" ಜಪಿಸುವವರು ಅಮೆರಿಕದ ಲಾಮಾರ್ ಗ್ಯಾಂಟ್ ಎಂಬವರನ್ನು ಒಮ್ಮೆ ನೆನೆಯಬೇಕು. ಅವರ ಬೆನ್ನೆಲುಬು ಪಕ್ಕಕ್ಕೆ ಸೊಟ್ಟ, ವೈದ್ಯರ ಭಾಷೆಯಲ್ಲಿ ಸ್ಕೋಲಿಯೋಸಿಸ್. ತೋಳು ಮಂಡಿ ಮುಟ್ಟುವಷ್ಟು ನೀಳ. ಸುಮಾರು 60 ಕಿಲೋ ತೂಗುತ್ತಿದ್ದ ಅವರು 1985ರಲ್ಲಿ ಹೆಚ್ಚುಕಡಿಮೆ 300 ಕಿಲೋ ಎತ್ತಿದರು. ಮೈತೂಕದ ಐದು ಪಟ್ಟು ಡೆಡ್‌ಲಿಫ್ಟ್ ಮಾಡಿದ ಮೊದಲಿಗ. ನಮ್ಮ ಜಿಮ್ಮಿಗೆ ಬಂದಿದ್ದರೆ ಬಾಗಿಲಲ್ಲೇ ಎಕ್ಸ್‌ರೇ ಕೇಳಿ ವಾಪಸ್ ಕಳಿಸುತ್ತಿದ್ದರು.

"ಅದೆಲ್ಲ ಫಾರಿನ್‌ನವರಿಗೆ, ಅನ್ನ ಸಾರು ತಿನ್ನೋ ನಮ್ಮ ಮೈಗಲ್ಲ" ಎಂಬ ಕೊನೆಯ ಆಸರೆಯೊಂದಿದೆ. ಈ ಮಾತನ್ನು ಕರ್ನಾಟಕದಲ್ಲಿ ನಿಂತು ಹೇಳಲು ಧೈರ್ಯ ಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಜೋಳದ ಚೀಲ ಎತ್ತುವ ಪೈಪೋಟಿ ಇವತ್ತಿಗೂ ನಡೆಯುತ್ತದೆ; ಡೊಳ್ಳಿನ ಸದ್ದಿಗೆ ರೊಟ್ಟಿ ತಿಂದ ಮೈಗಳು ನೆಲದಿಂದ ಕಲ್ಲು ಕೀಳುತ್ತವೆ. ದುಂಡು ಕಲ್ಲನ್ನು ಹಲಗೆಯಂಥ ಬೆನ್ನಲ್ಲಿ ಎತ್ತಿದವರುಂಟೇ? ಕಲ್ಲನ್ನು ಅಪ್ಪಿಕೊಳ್ಳಲು ಬೆನ್ನು ಬಾಗಲೇಬೇಕು. ಚಿಕ್ಕಂದಿನಿಂದ ಸಣ್ಣ ಕಲ್ಲಿನಿಂದ ದೊಡ್ಡದಕ್ಕೆ ಬಂದ ಬೆನ್ನು ಅದು, ಬಾಗಿಯೂ ತಾಳುತ್ತದೆ. ಗಿರಿನಗರದಿಂದ ಬಹಳ ದೂರವೇನಲ್ಲದ ಜೆ.ಸಿ. ರಸ್ತೆಯಲ್ಲೇ ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಇತ್ತು. 'ಶಾಂತಲಾ' ಬರೆದ ಅದೇ ಅಯ್ಯರ್. ಕೈಲಾಸಂ ಗೆಳೆಯ. 1930ರಲ್ಲೇ 'ಮಸಲ್ ಕಲ್ಟ್' ಎಂಬ ಪುಸ್ತಕ ಬರೆದು, ಅಂಚೆಯ ಮೂಲಕ ದೂರದೂರಿನವರಿಗೂ ಪಾಠ ಕಳಿಸಿ, ಸೂರ್ಯನಮಸ್ಕಾರವನ್ನೂ ಬಾರ್ಬೆಲ್ಲನ್ನೂ ಒಂದೇ ಸೂರಿನಡಿ ತಂದವರು. ಯೋಗಕ್ಕೂ ಕಬ್ಬಿಣಕ್ಕೂ ಅವರಿಗೆ ಜಗಳ ಕಾಣಲಿಲ್ಲ. ನಮ್ಮ ಕಾಲದ ಅತಿಜಾಣರಿಗೆ ಕಾಣುತ್ತದೆ. ಕುಂದಾಪುರ ಸೀಮೆಯ ಚಾಲಕರೊಬ್ಬರ ಮಗ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ನೆಲದಿಂದ ತಲೆಮೇಲಕ್ಕೆ ಒಯ್ದ ಬಾರು 138 ಕಿಲೋ. ಟಿವಿಯ ಮುಂದೆ ಚಪ್ಪಾಳೆ ಹೊಡೆದವರೇ ಮರುದಿನ ಮಗನಿಗೆ "ಬಗ್ಗಬೇಡ ಪುಟ್ಟ" ಎಂದರು.

ಇದರ ಇನ್ನೊಂದು ತುದಿಯಲ್ಲಿ ರೀಲ್ಸ್ ವೀರರಿದ್ದಾರೆ, ಅವರನ್ನು ಬಿಡಲು ಮನಸ್ಸಿಲ್ಲ. ವಾರವಿಡೀ ಎದೆ, ತೋಳು. ಶನಿವಾರ ಸಂಜೆ ಫೋನು ನಿಲ್ಲಿಸಿ, ಬೆಲ್ಟು ಬಿಗಿದು, ನಾಲ್ವರು ಕೂಗುತ್ತಿರುವಾಗ ಒಂದೇ ಸಲಕ್ಕೆ 180. ಇದು ಅಭ್ಯಾಸವೇ ಅಲ್ಲ, ಪರೀಕ್ಷೆ; ಓದದೆ ಬರೆಯುವ ಪರೀಕ್ಷೆ. ಹೆದರಿಸುವವರಿಗೆ ಪುರಾವೆ ಒದಗಿಸುವವರೂ ಇವರೇ. ಡೆಡ್‌ಲಿಫ್ಟ್ ಬೆಳೆಯುವ ದಾರಿ ಇದಕ್ಕಿಂತ ನೀರಸ. ಬೆನ್ನಿಗೆ ಕೋಲು ಹಿಡಿದು ತಲೆಯ ಹಿಂಭಾಗ, ಬೆನ್ನ ಮೇಲ್ಭಾಗ, ಪೃಷ್ಠ ಮೂರೂ ಕೋಲಿಗೆ ತಾಗುವಂತೆ ಸೊಂಟದ ಕೀಲಿನಿಂದ ಬಗ್ಗುವುದನ್ನು ಕಲಿಯಬೇಕು. ಬಾರನ್ನು ದಿಮ್ಮಿಯ ಮೇಲಿಟ್ಟು, ಬೆನ್ನು ಹಿಡಿತದಲ್ಲಿರುವಷ್ಟು ಎತ್ತರದಿಂದ ಶುರು ಮಾಡಿ, ವಾರಗಳು ಕಳೆದಂತೆ ದಿಮ್ಮಿ ತೆಳುವಾಗಬೇಕು. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ; ನಾಲ್ಕೈದು ಸಲದ ಮೂರು ಸುತ್ತು; ಇನ್ನೆರಡು ಸಲ ಎತ್ತಬಹುದಿತ್ತು ಎನಿಸುವಾಗಲೇ ನಿಲ್ಲಿಸುವುದು. ತೊಡೆಯ ಹಿಂಭಾಗ ಸೋತರೆ ರೊಮೇನಿಯನ್ ಡೆಡ್‌ಲಿಫ್ಟ್, ನೆಲದಿಂದಲೇ ಏಳದಿದ್ದರೆ ಮಂಡಿಯ ಕೆಳಗೆ ಒಂದು ಕ್ಷಣ ತಡೆದು ಎತ್ತುವುದು, ಹಿಡಿತ ಜಾರಿದರೆ ಚಾಕ್.

ಮತ್ತು 1.25ರ ಪ್ಲೇಟು. ಇದನ್ನು ಬೇರೆಯಾಗಿಯೇ ಹೇಳಬೇಕು. 2.5 ಕಿಲೋಗಿಂತ ಚಿಕ್ಕ ಪ್ಲೇಟಿಲ್ಲದ ಜಿಮ್ಮಿನಲ್ಲಿ ಒಂದು ಮೆಟ್ಟಿಲೆಂದರೆ 5 ಕಿಲೋ. 200 ಎತ್ತುವವನಿಗೆ ಅದು ನಲವತ್ತನೇ ಒಂದು ಭಾಗ, 40 ಎತ್ತುವ ಹೆಂಗಸಿಗೆ ಎಂಟನೇ ಒಂದು ಭಾಗ. ಅವಳು ಆ ಮೆಟ್ಟಿಲಲ್ಲಿ ಎಡವಿದರೆ "ಲೇಡೀಸ್‌ಗೆ ಇಷ್ಟೇ ಸಾರ್" ಎನ್ನುತ್ತಾರೆ. ಕೌಂಟರಿನಲ್ಲಿ ಮಾರಲು ಇಟ್ಟ ಪ್ರೋಟೀನ್ ಡಬ್ಬಿಯ ಬೆಲೆಯ ಮುಂದೆ ಒಂದು ಜೊತೆ ಪುಟ್ಟ ಪ್ಲೇಟು ಚಿಲ್ಲರೆ ದುಡ್ಡು. ಅದನ್ನು ತರದವರಿಗೆ ಯಾರ ಮೈಕಟ್ಟಿನ ಬಗ್ಗೆಯೂ ಮಾತಾಡುವ ಹಕ್ಕಿಲ್ಲ.

ಪಾಲಿಕೆಯದೂ ಒಂದು ಪಾಲಿದೆ. ಪಾರ್ಕುಗಳಲ್ಲಿ ಬಣ್ಣಬಣ್ಣದ ಓಪನ್ ಜಿಮ್ ನೆಟ್ಟಿದ್ದಾರೆ. ಕಾಲು ಬೀಸುವ ಉಯ್ಯಾಲೆ, ಸೊಂಟ ತಿರುಗಿಸುವ ತಟ್ಟೆ. ಇವತ್ತು ಎಷ್ಟು ಭಾರವೋ ಹತ್ತು ವರ್ಷದ ಮೇಲೂ ಅಷ್ಟೇ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ, ಅರವತ್ತೈದು ದಾಟಿದವರಿಗೂ. ಉಯ್ಯಾಲೆಯಲ್ಲಿ ಅದು ಆಗುವ ಕೆಲಸವೇ? ಆ ದುಡ್ಡಿನಲ್ಲಿ ಪಾರ್ಕಿನ ಒಂದು ಮೂಲೆಗೆ ಕಾಂಕ್ರೀಟು ಹಾಕಿ, ದಪ್ಪ ರಬ್ಬರ್ ಹಾಸಿ, ಹಿಡಿಕೆಯಿರುವ ಬೇರೆಬೇರೆ ತೂಕದ ಕಲ್ಲುಗಳನ್ನಾದರೂ ಇಡಬಹುದಿತ್ತು. ಕಲ್ಲಿಗೆ ಗ್ರೀಸು ಬೇಡ, ಬೇರಿಂಗು ಬೇಡ, ಕದ್ದೊಯ್ಯುವವನು ಕದ್ದೊಯ್ದರೆ ಅವನ ಡೆಡ್‌ಲಿಫ್ಟಾದರೂ ಸುಧಾರಿಸೀತು.

ಇನ್ನು ಕೇಳುವ ಸರದಿ ನಮ್ಮದು. "ಎತ್ತಬೇಡಿ" ಎಂದ ವೈದ್ಯರನ್ನು ಎಷ್ಟು ವಾರ, ಆಮೇಲೆ ಎಷ್ಟರಿಂದ ಶುರು, ಯಾರ ಬಳಿ ಕಲಿಯಲಿ ಎಂದು ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ. ಅಮ್ಮನ ಕೈಯಿಂದ ಗುಲಾಬಿ ಡಂಬೆಲ್ಲು ಕಿತ್ತು ಬಾರು ಕೊಡಿಸಿ. ವಾರ್ಡಿನ ಸಭೆಯಲ್ಲಿ ಮುಂದಿನ ಉಯ್ಯಾಲೆಯ ಟೆಂಡರಿಗೆ ತಕರಾರು ಎತ್ತಿ. ಹಬ್ಬದ ಆಫರ್ ಹಿಡಿದು ಜಿಮ್ಮಿನಿಂದ ಫೋನು ಬಂದಾಗ ಎಸಿ ಇದೆಯಾ ಎಂದು ಕೇಳಬೇಡಿ. ಹೊಸಬರ ಬಾರು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ? 1.25ರ ಪ್ಲೇಟು ಇದೆಯೇ? ಹಾಸಿನ ದಪ್ಪ ಎಷ್ಟು? ಮೊದಲ ದಿನ ನನ್ನ ತೋಳು, ತೊಡೆ ಅಳೆಯುವವರು ಯಾರು? ಈ ನಾಲ್ಕಕ್ಕೂ ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.